ನನಗೇನೂ ಆಗಿಲ್ಲ ಅಂತಲೇ ಇದ್ದೆ

ಎದೆನೋವು ಬಂದರೆ ಯಾರಿಗೂ ಹೇಳಿಕೊಡಬೇಕಾಗಿಲ್ಲ. ಎದೆ ಹಿಡಿದುಕೊಂಡು ಕೂತುಬಿಡುತ್ತಾರೆ. ಮನೆಯವರು ಗಾಬರಿಯಾಗಿ ಆಸ್ಪತ್ರೆಗೆ ಓಡುತ್ತಾರೆ. ಸ್ಟ್ರೋಕ್, ಅಂದರೆ ಲಕ್ವ, ಹಾಗಲ್ಲ. ಬಹಳ ಜನರಿಗೆ ನೋವೇ ಇರುವುದಿಲ್ಲ. ಅದರಲ್ಲೂ ಮೆದುಳಿನ ಬಲಭಾಗಕ್ಕೆ ಹೊಡೆದರೆ ಇನ್ನೊಂದು ವಿಚಿತ್ರ ಇದೆ. ಎಡಗೈ, ಎಡಗಾಲು ಸ್ವಾಧೀನ ತಪ್ಪಿರುತ್ತವೆ, ಆದರೆ ತಪ್ಪಿದೆ ಅಂತ ಆ ಮನುಷ್ಯನಿಗೇ ಗೊತ್ತಿರುವುದಿಲ್ಲ. ಕೇಳಿದರೆ ಚೆನ್ನಾಗಿದ್ದೀನಿ ಅನ್ನುತ್ತಾನೆ. ಸುಳ್ಳು ಹೇಳುತ್ತಿರುವುದಿಲ್ಲ, ಹೆದರಿಕೊಂಡು ಮುಚ್ಚಿಡುತ್ತಿರುವುದೂ ಇಲ್ಲ. ಅವನಿಗೆ ನಿಜವಾಗಿಯೂ ಹಾಗೇ ಅನ್ನಿಸುತ್ತಿರುತ್ತದೆ.

ನನಗೆ ಆಗಿದ್ದು ಇದೇ. ಹಾಗಾಗಿ ಇಲ್ಲಿ ಬರೆದಿರುವುದರಲ್ಲಿ ಸ್ವಲ್ಪ ಮಾತ್ರ ನನ್ನ ನೆನಪು. ಉಳಿದದ್ದು ಹೆಂಡತಿ ಶೋಭ, ಅಮ್ಮ, ಮಗ, ಪಕ್ಕದ ಮನೆ ರಾಜಣ್ಣ ಆಮೇಲೆ ಹೇಳಿದ್ದು. ನಾಲ್ಕು ಜನರದ್ದೂ ನಾಲ್ಕು ಥರ ಇದೆ. ತಾಳೆಯಾದಷ್ಟನ್ನು ಬರೆದಿದ್ದೇನೆ.

ನಾನು ಅರಸೀಕೆರೆಯಲ್ಲಿ ಹೈಸ್ಕೂಲು ಗಣಿತ ಮೇಷ್ಟ್ರು. ವಯಸ್ಸು 54. ಬಿಪಿ ಇದೆ, ದಿನಾ ಮಾತ್ರೆ ತಗೊಳ್ತೀನಿ. ಶುಗರ್ ಇಲ್ಲ. ಆವತ್ತು ಬೆಳಿಗ್ಗೆ ಆರೂ ಮುಕ್ಕಾಲರ ಹೊತ್ತಿಗೆ ಕಾಫಿ ಲೋಟ ಹಿಡಿದುಕೊಂಡು ಕಾಂಪೌಂಡಿನ ಹತ್ತಿರ ನಿಂತು ರಾಜಣ್ಣನ ಜೊತೆ ಕೊಬ್ಬರಿ ರೇಟಿನ ಬಗ್ಗೆ ಮಾತಾಡಿದೆ. ಇದು ಮುಖ್ಯ, ನೆನಪಿಟ್ಟುಕೊಳ್ಳಿ. ಆಮೇಲೆ ಒಳಗೆ ಹೋಗಿ ಶೇವಿಂಗ್‌ಗೆ ನಿಂತೆ.

ಬಲಗೆನ್ನೆ ಮುಗಿಸಿದೆ. ಅಲ್ಲಿಗೆ ಮುಗಿಯಿತು ಅಂತಲೇ ನನ್ನ ಲೆಕ್ಕ. ಟವೆಲ್ ಹೆಗಲ ಮೇಲೆ ಹಾಕಿಕೊಂಡು ಗೋಡೆ ಹಿಡಿದು ಹಾಲಿಗೆ ಬಂದು ಕುರ್ಚಿಯಲ್ಲಿ ಕೂತೆ. ಎಡಗಾಲಿನ ಚಪ್ಪಲಿ ಬಚ್ಚಲುಮನೆ ಬಾಗಿಲಲ್ಲೇ ಬಿದ್ದಿತ್ತಂತೆ.

ಶೋಭ ಅಡಿಗೆಮನೆಯಿಂದ ಬಂದವಳು, "ಏನ್ರೀ ಇದು, ಅರ್ಧಕ್ಕೇ ಎದ್ದು ಬಂದ್ರಿ?" ಅಂದಳು.

"ಆಯ್ತಲ್ಲ."

ತಮಾಷೆ ಅಂದುಕೊಂಡು ನಕ್ಕಳಂತೆ. ಆದರೆ ಎಡಗೆನ್ನೆಯ ನೊರೆ ಬಾಯಿಯ ಮೂಲೆಯಿಂದ ಜಾರಿ ಬನಿಯನ್ ಮೇಲೆ ಬೀಳುತ್ತಿತ್ತು. ನಾನು ಒರೆಸಿಕೊಳ್ಳುತ್ತಿರಲಿಲ್ಲ. ಅವಳ ಕಡೆ ನೋಡುತ್ತಲೂ ಇರಲಿಲ್ಲ. ಅವಳು ನಿಂತಿದ್ದು ನನ್ನ ಎಡಕ್ಕೆ. ನಾನು ಬಲಗಡೆಯ ಟೀವಿ ಸ್ಟ್ಯಾಂಡ್ ನೋಡಿಕೊಂಡು ಅವಳಿಗೆ ಉತ್ತರ ಕೊಡುತ್ತಿದ್ದೆ.

ಶೋಭ ಟವೆಲ್‌ನಲ್ಲಿ ಮುಖ ಒರೆಸಿ, "ಹಲ್ಲು ಬಿಡಿ" ಅಂದಳು. ಬಲಗಡೆಯ ತುಟಿ ಮಾತ್ರ ಮೇಲೆ ಹೋಯಿತು. "ಕಣ್ಣು ಮುಚ್ಚಿ, ಎರಡೂ ಕೈ ಮುಂದಕ್ಕೆ ಚಾಚಿ" ಅಂದಳು. ಬಲಗೈ ನಿಂತಿತು. ಎಡಗೈ ತೊಡೆಯ ಮೇಲಿಂದ ಒಂದಿಷ್ಟು ಎದ್ದು ಹಾಗೇ ಕೆಳಗೆ ಬಿತ್ತು. "ಎರಡೂ ಕೈ ಅಂದೆ" ಅಂದಳು. "ಎರಡೂ ಎತ್ತಿದೀನಲ್ಲ, ಕಾಣಲ್ವಾ?" ಅಂತ ನಾನು ರೇಗಿದೆ. ಇದು ನನಗೆ ಚೆನ್ನಾಗಿ ನೆನಪಿದೆ. ಎರಡೂ ಕೈ ಎತ್ತಿದ್ದೆ ಅನ್ನುವುದೂ ಅಷ್ಟೇ ಚೆನ್ನಾಗಿ ನೆನಪಿದೆ!

ಮಾತು ಹೇಗಿದೆ ನೋಡಲು ಅವಳಿಗೆ ತೋಚಿದ್ದು ಹದಿಮೂರರ ಮಗ್ಗಿ. ಹೇಳಿದೆ. ಹದಿಮೂರೇಳ್ಲ ತೊಂಬತ್ತೊಂದು, ಎಲ್ಲ ಸರಿಯಾಗಿಯೇ ಬಂತು. ಆದರೆ ನಾಲಿಗೆ ದಪ್ಪವಾಗಿ, ಕುಡಿದವರ ಮಾತಿನ ಹಾಗೆ ತೊದಲುತ್ತಿತ್ತಂತೆ. ನನ್ನ ಕಿವಿಗೆ ಅದು ಕೇಳಲಿಲ್ಲ. ಮಗ್ಗಿ ತಪ್ಪಿಲ್ಲ ಅಂದಮೇಲೆ ತಲೆಗೆ ಏನಾಗಿದೆ ಅಂತ ವಾದಕ್ಕೆ ಬೇರೆ ನಿಂತೆ. ಹೀಗೆ ಲೆಕ್ಕ ಸರಿಯಾಗಿ ಹೇಳುವವನನ್ನು ಯಾರು ತಾನೇ ಲಕ್ವ ಅಂತ ಅನುಮಾನಿಸುತ್ತಾರೆ? ಅವಳು ಅನುಮಾನಿಸಿದಳು. ಬಾಯಿ ಒಂದು ಕಡೆ ಹೋಗಿದೆ, ಕೈ ನಿಲ್ಲುತ್ತಿಲ್ಲ, ಮಾತು ತೊದಲುತ್ತಿದೆ. ಈ ಮೂರರಲ್ಲಿ ಒಂದು ಇದ್ದರೂ ಹೊರಡಬೇಕು. ನನ್ನಲ್ಲಿ ಮೂರೂ ಇದ್ದವು. ಹೊತ್ತು ಏಳೂ ಕಾಲು.

ಅವಳಿಗೆ ಇದು ಗೊತ್ತಿದ್ದದ್ದು ಪುಸ್ತಕ ಓದಿ ಅಲ್ಲ. ನಮ್ಮ ಮಾವನವರದ್ದು ಕಡೂರು ಕಡೆ. ಬಹಳ ವರ್ಷದ ಹಿಂದೆ ಅವರಿಗೆ ಬಲಗೈ, ಬಲಗಾಲು ಬಿದ್ದುಹೋಯಿತು, ಮಾತೂ ಹೋಯಿತು. ಯಾರೋ ಎಣ್ಣೆ ಕೊಡುತ್ತಾರೆ ಅಂತ ಒಂದು ಊರಿಗೆ, ಪಾರಿವಾಳದ ರಕ್ತ ಹಚ್ಚುತ್ತಾರೆ ಅಂತ ಇನ್ನೊಂದು ಊರಿಗೆ ವ್ಯಾನಿನಲ್ಲಿ ಕರೆದುಕೊಂಡು ತಿರುಗಿದರು. ಆಸ್ಪತ್ರೆ ಮುಟ್ಟುವ ಹೊತ್ತಿಗೆ ಎರಡು ದಿನ ಕಳೆದಿತ್ತು. ಆಮೇಲೆ ಅವರು ಬದುಕಿದ್ದಷ್ಟು ಕಾಲ ಮಂಚದ ಮೇಲೇ ಇದ್ದರು. ಬಾಯಲ್ಲಿ ಬರುತ್ತಿದ್ದದ್ದು "ಹ್ಞೂಂ" ಒಂದೇ. ಬೇಕು ಅಂದರೂ ಅದೇ, ಬೇಡ ಅಂದರೂ ಅದೇ. ಮೊದಲನೇ ದಿನವೇ ಕರೆತಂದಿದ್ದರೆ ಅಂತ ಆಸ್ಪತ್ರೆಯಲ್ಲಿ ಹೇಳಿದ ಮಾತು ಶೋಭಳ ತಲೆಯಲ್ಲಿ ಹಾಗೇ ಕೂತಿತ್ತು.

ಅಷ್ಟರಲ್ಲಿ ಮನೆ ತುಂಬ ಜನ. ಅಮ್ಮ ಬಿಸಿ ಹಾಲು ತಂದರು. "ಖಾಲಿ ಹೊಟ್ಟೆಗೆ ತಲೆ ಸುತ್ತಿರಬೇಕು, ಒಂದು ಗುಟುಕು ಕುಡಿಸಮ್ಮ." ಶೋಭ ಲೋಟ ಕಿತ್ತು ಇಟ್ಟಳು. ಗಂಟಲ ಒಂದು ಭಾಗವೂ ಮರಗಟ್ಟಿರಬಹುದು, ಕುಡಿಸಿದ್ದು ಶ್ವಾಸಕೋಶಕ್ಕೆ ಇಳಿಯಬಹುದು. ಅಮ್ಮನಿಗೆ ಕೋಪ ಬಂತು. ಯಾರೋ ಪಿತ್ತ ನೆತ್ತಿಗೇರಿದೆ, ನಿಂಬೆಹಣ್ಣು ತಿಕ್ಕಿ ಅಂದರು. ರಾಜಣ್ಣ ಹಾರ್ಟ್ ಪೇಷಂಟು. ಮನೆಗೆ ಓಡಿಹೋಗಿ ತನ್ನ ಡಬ್ಬಿಯಿಂದ ರಕ್ತ ತೆಳು ಮಾಡುವ ಎಕೋಸ್ಪ್ರಿನ್ ಮಾತ್ರೆ ತಂದ. "ನನಗೆ ಎದೆನೋವು ಬಂದಾಗ ಮೊದ್ಲು ಇದೇ ಕೊಟ್ಟಿದ್ದು, ಜೀವ ಉಳೀತು. ತಗೊಳ್ಳಿ ಮೇಷ್ಟ್ರೇ." ನಾನು ಬಾಯಿ ತೆರೆದಿದ್ದೆನಂತೆ. ಶೋಭ ಅದನ್ನೂ ಕೊಡಲು ಬಿಡಲಿಲ್ಲ. ನನ್ನ ಬೆಳಗಿನ ಬಿಪಿ ಮಾತ್ರೆಯನ್ನೂ ಕೊಡಲಿಲ್ಲ. ಮಾತ್ರೆ ಪಟ್ಟಿಗಳನ್ನು, ಹಳೇ ಚೀಟಿಗಳನ್ನು ಒಂದು ಕವರಿಗೆ ಹಾಕಿಕೊಂಡಳು ಅಷ್ಟೆ.

108ಕ್ಕೆ ಫೋನ್ ಹೋಯಿತು. ನಮಗೆ ಹತ್ತಿರದ ಗಾಡಿ ಬೇರೆ ಕೇಸಿಗೆ ಹೋಗಿತ್ತು. ಇನ್ನೊಂದು ಬರಲು ಇಪ್ಪತ್ತು ನಿಮಿಷ ಆಗುತ್ತದೆ ಅಂದರು. ಆಂಬುಲೆನ್ಸ್ ಸಿಕ್ಕರೆ ಅದೇ ಒಳ್ಳೆಯದು, ದಾರಿಯಲ್ಲಿ ವಾಂತಿಯಾದರೆ, ಉಸಿರು ಕಟ್ಟಿದರೆ ನೋಡಿಕೊಳ್ಳುವವರು ಇರುತ್ತಾರೆ. ಆದರೆ ರಾಜಣ್ಣನ ಕಾರು ಬಾಗಿಲಲ್ಲೇ ನಿಂತಿತ್ತು. ಹತ್ತಿಸಿಬಿಟ್ಟರು. ಹಿಂದಿನ ಸೀಟಿನಲ್ಲಿ ತಲೆ ಸ್ವಲ್ಪ ಎತ್ತರಿಸಿ, ಒಂದು ಮಗ್ಗುಲಿಗೆ ಮಲಗಿಸಿದರು. ಸ್ಕೂಲಿಗೆ ಲೇಟಾಗುತ್ತದೆ ಅಂತ ನಾನು ಬೈಯುತ್ತಲೇ ಇದ್ದೆ.

ರಾಜಣ್ಣ ಮೊದಲು ನಮ್ಮೂರಿನ ಪರಿಚಯದ ಡಾಕ್ಟರ ಹತ್ತಿರ ತೋರಿಸೋಣ ಅಂದ. ಎಲ್ಲರಿಗೂ ಬರುವ ಯೋಚನೆಯೇ ಅದು. ಶೋಭ ಕೇಳಿದ್ದು ಒಂದೇ ಪ್ರಶ್ನೆ: "ಅಲ್ಲಿ ಸಿಟಿ ಸ್ಕ್ಯಾನ್ ಇದ್ಯಾ?" ಇರಲಿಲ್ಲ. ಕಾರು ನೇರ ಹಾಸನದ ದಾರಿ ಹಿಡಿಯಿತು.

ನಮ್ಮ ಮಗ ಹಾಸನದಲ್ಲಿ ಇಂಜಿನಿಯರಿಂಗ್ ಓದುತ್ತಾನೆ. ಕಾರು ಹಾರನಹಳ್ಳಿ ದಾಟುವಷ್ಟರಲ್ಲಿ ಅವನಿಗೆ ಫೋನ್ ಮಾಡಿದಳು. ಅವನು ಸ್ನೇಹಿತನ ಬೈಕ್ ಹತ್ತಿ ಹೊರಟ. ಮೊದಲು ಹೋದ ಆಸ್ಪತ್ರೆಯ ಬೋರ್ಡಿನ ಮೇಲೆ 24 ಗಂಟೆ ಅಂತ ದೊಡ್ಡದಾಗಿ ಬರೆದಿತ್ತು. ಸ್ಕ್ಯಾನ್ ಮೆಷಿನ್ನೂ ಇತ್ತು. ಆದರೆ ನೋಡುವ ಡಾಕ್ಟರು ಹತ್ತು ಗಂಟೆ ಮೇಲೆ ಬರುತ್ತಾರೆ, ಅಲ್ಲಿವರೆಗೆ ಅಡ್ಮಿಟ್ ಮಾಡಿ ಅಂದರು. ಅವನು ಅಲ್ಲಿ ನಿಲ್ಲಲಿಲ್ಲ. ಇನ್ನೊಂದು ಕಡೆ ಹೋಗಿ, "ಸ್ಟ್ರೋಕ್‌ಗೆ ಹೆಪ್ಪು ಕರಗಿಸೋ ಇಂಜೆಕ್ಷನ್ ಈಗ ಕೊಡ್ತೀರಾ?" ಅಂತ ಕೇಳಿದ. ಕೊಡ್ತೀವಿ, ಎಷ್ಟು ಹೊತ್ತಾಯ್ತು, ಎಲ್ಲಿದ್ದಾರೆ ಅಂತ ಅವರೇ ತಿರುಗಿ ಕೇಳಿದರು. ಕಾರು ದುದ್ದ ಬಿಡುವ ಹೊತ್ತಿಗೆ ಯಾವ ಗೇಟಿಗೆ ಹೋಗಬೇಕು ಅನ್ನುವುದೂ ಗೊತ್ತಾಗಿತ್ತು. ಅವನು ಮೊದಲೇ ಹೋಗಿ ವಿಚಾರಿಸದಿದ್ದರೆ ನಾವು ಮೊದಲನೇ ಆಸ್ಪತ್ರೆಯ ಬೆಡ್ ಮೇಲೆ ಹತ್ತು ಗಂಟೆಗೆ ಕಾಯುತ್ತಿದ್ದೆವು.

ಎಂಟೂವರೆ ಸುಮಾರಿಗೆ ಒಳಗೆ ತಳ್ಳಿಕೊಂಡು ಹೋದರು. ಡಾಕ್ಟರಮ್ಮ ಚಿಕ್ಕ ವಯಸ್ಸಿನವರು. ಮೊದಲನೇ ಪ್ರಶ್ನೆ: "ಇವರು ಪೂರ್ತಿ ಚೆನ್ನಾಗಿದ್ದದ್ದನ್ನ ಕೊನೇ ಸಲ ಯಾವಾಗ ನೋಡಿದ್ರಿ?" ಯಾವಾಗ ಶುರುವಾಯ್ತು ಅಂತ ಅಲ್ಲ. ಇಂಜೆಕ್ಷನ್ ಕೊಡಲು ಒಂದು ಗಡುವಿದೆ, ಅದರ ಗಡಿಯಾರ ಶುರುವಾಗುವುದು ಕೊನೇ ಸಲ ಚೆನ್ನಾಗಿದ್ದ ಹೊತ್ತಿನಿಂದ. ರಾತ್ರಿ ಹತ್ತಕ್ಕೆ ಚೆನ್ನಾಗಿ ಮಲಗಿದವರು ಬೆಳಿಗ್ಗೆ ಏಳುವಾಗ ಕೈ ಬಿದ್ದಿದ್ದರೆ ಲೆಕ್ಕ ರಾತ್ರಿ ಹತ್ತರಿಂದಲೇ. ನನಗೆ ರಾಜಣ್ಣ ಸಾಕ್ಷಿಯಿದ್ದ. ಆರೂ ಮುಕ್ಕಾಲಿಗೆ ಕೊಬ್ಬರಿ ರೇಟಿನ ಬಗ್ಗೆ ಜಗಳ ಆಡುತ್ತಿದ್ದರು ಅಂತ ಹೇಳಿದ.

ಬೆರಳು ಚುಚ್ಚಿ ಶುಗರ್ ನೋಡಿದರು. ಶುಗರ್ ತೀರಾ ಇಳಿದರೂ ಕೆಲವರಿಗೆ ಹೀಗೇ ಆಗುತ್ತದಂತೆ. ರಕ್ತ ತೆಳು ಮಾಡುವ ಮಾತ್ರೆ ಏನಾದರೂ ನಡೆಯುತ್ತಿದೆಯಾ, ಇತ್ತೀಚೆಗೆ ಆಪರೇಷನ್ ಆಗಿದೆಯಾ, ತೂಕ ಎಷ್ಟು? ಶೋಭ ಕವರ್ ಕೊಟ್ಟಳು. ಬಿಪಿ 196/108 ಇತ್ತು.

ಆಮೇಲೆ ಡಾಕ್ಟರಮ್ಮ ನನ್ನ ಎಡಗೈ ಎತ್ತಿ ನನ್ನ ಮುಖದ ಮುಂದೆ, ಬಲಗಡೆಗೆ ತಂದು ಹಿಡಿದರು.

"ಸರ್, ಇದು ಯಾರ ಕೈ?"

ನೋಡಿದೆ. ಕೈಯಲ್ಲಿ ವಾಚಿತ್ತು. ಉಗುರಿನಲ್ಲಿ ಚಾಕ್‌ಪೀಸಿನ ಬಿಳಿ ಇತ್ತು. "ಶೋಭಂದು ಇರಬೇಕು" ಅಂದೆ.

ಶೋಭ ಮಂಚದ ಆ ಕೊನೆಯಲ್ಲಿ ಎರಡೂ ಕೈ ಕಟ್ಟಿಕೊಂಡು ನಿಂತಿದ್ದಳು. ಅವಳು ಅಲ್ಲಿವರೆಗೆ ಅತ್ತಿರಲಿಲ್ಲ, ಆಗ ಅತ್ತಳಂತೆ. ಡಾಕ್ಟರಮ್ಮ ಮಾತ್ರ ತಲೆಯಾಡಿಸಿ ಏನೋ ಬರೆದುಕೊಂಡರು. ಅದಕ್ಕೊಂದು ಅಂಕಪಟ್ಟಿ ಇದೆ. ಮುಖ, ಕೈ, ಕಾಲು, ಮಾತು, ದೃಷ್ಟಿ, ಗಮನ ಎಲ್ಲದಕ್ಕೂ ಸೇರಿ ಸೊನ್ನೆಯಿಂದ 42ರವರೆಗೆ ಅಂಕ. ನಮ್ಮ ಪರೀಕ್ಷೆಗೆ ಉಲ್ಟಾ, ಜಾಸ್ತಿ ಬಂದಷ್ಟೂ ಕೆಟ್ಟದು. ನನಗೆ 9 ಬಂದಿತ್ತು.

ಸಿಟಿ ಸ್ಕ್ಯಾನ್ ಕೆಲವೇ ನಿಮಿಷದ ಕೆಲಸ. ಅದರಲ್ಲಿ ಮೊದಲು ನೋಡುವುದು ರಕ್ತಸ್ರಾವ ಇದೆಯಾ ಅಂತ. ಸ್ಟ್ರೋಕ್‌ನಲ್ಲಿ ಎರಡು ಜಾತಿ. ಒಂದರಲ್ಲಿ ಮೆದುಳಿನ ರಕ್ತನಾಳ ಹೆಪ್ಪಿನಿಂದ ಕಟ್ಟಿಕೊಳ್ಳುತ್ತದೆ, ಇನ್ನೊಂದರಲ್ಲಿ ಒಡೆದು ರಕ್ತ ಸೋರುತ್ತದೆ. ಹೊರಗಿನಿಂದ ನೋಡಿದರೆ ಎರಡೂ ಒಂದೇ ಥರ. ಯಾವ ಡಾಕ್ಟರೂ ಬರೀ ಕಣ್ಣಿನಿಂದ ಖಚಿತವಾಗಿ ಹೇಳಲಾರರು. ಆದರೆ ಔಷಧಿ ಪೂರ್ತಿ ಬೇರೆ. ರಾಜಣ್ಣನ ಮಾತ್ರೆ ಶೋಭ ಬೇಡ ಅಂದದ್ದು ಇದಕ್ಕೇ. ರಕ್ತ ಸೋರುತ್ತಿರುವವರಿಗೆ ಅದನ್ನು ಕೊಟ್ಟರೆ ಸೋರುವುದು ಹೆಚ್ಚಾಗಬಹುದು. ನನಗೆ ಸೋರಿಕೆ ಇರಲಿಲ್ಲ. ಬಣ್ಣದ ಔಷಧಿ ಹಾಕಿ ರಕ್ತನಾಳಗಳನ್ನೂ ನೋಡಿದರು. ಬುಡದ ದೊಡ್ಡ ನಾಳ ತೆರೆದಿತ್ತು, ಅದರ ಒಂದು ಕವಲು ಮುಂದೆ ಹೋಗಿ ಕಟ್ಟಿಕೊಂಡಿತ್ತು. ದೊಡ್ಡ ನಾಳವೇ ಕಟ್ಟಿದ್ದರೆ ತೊಡೆಯ ಹತ್ತಿರದಿಂದ ಸಣ್ಣ ಕೊಳವೆ ತೂರಿಸಿ ಹೆಪ್ಪನ್ನು ಎಳೆದು ತೆಗೆಯಲು ಬೆಂಗಳೂರಿಗೆ ಕಳಿಸುತ್ತಿದ್ದೆವು ಅಂದರು.

ಹೆಪ್ಪು ಕರಗಿಸುವ ಇಂಜೆಕ್ಷನ್‌ಗೆ ಸಹಿ ಹಾಕಿಸಿಕೊಳ್ಳುವಾಗ ಮುಚ್ಚುಮರೆ ಮಾಡಲಿಲ್ಲ. ಈ ಇಂಜೆಕ್ಷನ್‌ನಿಂದ ನೂರಕ್ಕೆ ಐದಾರು ಜನರಿಗೆ ಮೆದುಳಿನಲ್ಲಿ ರಕ್ತಸ್ರಾವ ಆಗಬಹುದು. ಬೆಲೆಯೂ ಕಡಿಮೆಯಲ್ಲ. ಕೊಡದಿದ್ದರೆ ಕೈಕಾಲು ಎಷ್ಟು ವಾಪಸ್ ಬರುತ್ತದೆ ಹೇಳಲಾಗುವುದಿಲ್ಲ. ಶೋಭ ಮಗನ ಮುಖ ನೋಡಿ ಸಹಿ ಹಾಕಿದಳು. ಯಾರಿಗಾದರೂ ಫೋನ್ ಮಾಡಿ ಕೇಳ್ತೀರಾ ಅಂದರೆ, ಬೇಡ ಅಂದಳು. ನಮ್ಮ ಕಡೆ ಇಂಥ ಹೊತ್ತಿನಲ್ಲಿ ದೊಡ್ಡಪ್ಪ, ಷಡ್ಡಕ, ಮೈದುನ ಎಲ್ಲರನ್ನೂ ಕೇಳಿ ಮುಗಿಸುವಷ್ಟರಲ್ಲಿ ಮಧ್ಯಾಹ್ನ ಆಗುತ್ತದೆ, ಅಲ್ವಾ?

ಬಿಪಿ 185/110ಕ್ಕಿಂತ ಕೆಳಗೆ ಬರುವವರೆಗೆ ಇಂಜೆಕ್ಷನ್ ಶುರು ಮಾಡುವ ಹಾಗಿಲ್ಲ. ಅದಕ್ಕೊಂದು ಔಷಧಿ ರಕ್ತನಾಳಕ್ಕೇ ಕೊಟ್ಟರು. ಸ್ಟ್ರೋಕ್ ಆದಾಗ ಮನೆಯಲ್ಲೇ ಬಿಪಿ ಇಳಿಸಲು ಹೋಗಬಾರದು, ಕಟ್ಟಿದ ನಾಳದಾಚೆಗೆ ಒಂದಿಷ್ಟಾದರೂ ರಕ್ತ ನೂಕುತ್ತಿರುವುದು ಆ ಬಿಪಿಯೇ ಅಂತ ಆಮೇಲೆ ಹೇಳಿದರು. ಒಂಬತ್ತೂ ಕಾಲಿಗೆ ಇಂಜೆಕ್ಷನ್ ಶುರುವಾಯಿತು, ಅದರ ಹೆಸರು ಆಲ್ಟೆಪ್ಲೇಸ್. ಕಿಲೋಗೆ 0.9 ಮಿಲಿಗ್ರಾಂ. ನನ್ನ ತೂಕ 70, ಒಟ್ಟು 63. ಅದರಲ್ಲಿ ಹತ್ತನೇ ಒಂದು ಭಾಗ ಒಂದೇ ನಿಮಿಷದಲ್ಲಿ, ಉಳಿದದ್ದು ಒಂದು ಗಂಟೆ ಕಾಲ. ನರ್ಸ್ ಜೋರಾಗಿ ಲೆಕ್ಕ ಹೇಳುತ್ತಿದ್ದರೆ ನಾನು ಮಲಗಿದ್ದಲ್ಲಿಂದಲೇ "ಆರು ಪಾಯಿಂಟ್ ಮೂರು" ಅಂದೆನಂತೆ. ತೊದಲುತ್ತಲೇ.

ಸಂಜೆಯ ಹೊತ್ತಿಗೆ ಎಡಗೈ ಬೆರಳು ಅಲುಗಿದವು. ಮಾರನೇ ದಿನ ಮೊಣಕೈ ಮಡಚಿದೆ. ಎಲ್ಲರಿಗೂ ಹೀಗೆ ಆಗುತ್ತದೆ ಅಂತ ಅಂದುಕೊಳ್ಳಬೇಡಿ. ಪಕ್ಕದ ಬೆಡ್ಡಿನವರಿಗೆ ಅದೇ ಇಂಜೆಕ್ಷನ್ ಕೊಟ್ಟಿದ್ದರು, ಕೈ ಅಷ್ಟಾಗಿ ಸುಧಾರಿಸಲಿಲ್ಲ. ನನಗೆ ಎಡಗಡೆ ಅನ್ನುವುದು ಪ್ರಪಂಚಕ್ಕೆ ವಾಪಸ್ ಬರಲು ಇನ್ನೂ ಸಮಯ ಹಿಡಿಯಿತು. ಮೊದಲು ಚಮಚದಲ್ಲಿ ನೀರು ಕೊಟ್ಟು ನುಂಗುವುದು ನೋಡಿ, ಆಮೇಲೆ ಇಡ್ಲಿ ಕೊಟ್ಟರು. ಬಲಗಡೆಯ ಇಡ್ಲಿ ತಿಂದು, "ಇಷ್ಟು ದುಡ್ಡು ತಗೊಂಡು ಒಂದೇ ಇಡ್ಲಿ ಕೊಡ್ತೀರಾ, ಚಟ್ನಿನೂ ಇಲ್ಲ" ಅಂತ ಗಲಾಟೆ ಮಾಡಿದೆ. ನರ್ಸ್ ಏನೂ ಮಾತಾಡದೆ ತಟ್ಟೆಯನ್ನು ಅರ್ಧ ಸುತ್ತು ತಿರುಗಿಸಿದರು. ಇನ್ನೊಂದು ಇಡ್ಲಿ, ಚಟ್ನಿ, ಎರಡೂ ಬಂದವು. ಆಗ ನನಗೆ ಮೊದಲ ಸಲ ಹೆದರಿಕೆಯಾಯಿತು.

ವಾರ್ಡಿನಲ್ಲಿ ಬೇಲೂರು ಕಡೆಯ ಒಬ್ಬ ಹೆಂಗಸಿದ್ದರು. ಅವರಿಗೆ ಎರಡು ದಿನ ಮೊದಲೇ ಒಂದು ಸಲ ಮಾತು ನಿಂತುಹೋಗಿ, ಕಾಲು ಗಂಟೆಯಲ್ಲಿ ತಾನಾಗೇ ಬಂದಿತ್ತು. ಜ್ಯೂಸ್ ಕುಡಿಸಿ ಮಲಗಿಸಿದ್ದರು. ಬಂದು ಹೋಯಿತಲ್ಲ, ಇನ್ನೇನು ಅಂತ. ಹೀಗೆ ಬಂದು ಹೋಗುವುದು ಇದೆಯಲ್ಲ, ಅದು ಕಳೆದುಹೋದದ್ದಲ್ಲ. ದೊಡ್ಡದು ಬರುವ ಅಪಾಯ ಮೊದಲ ಎರಡು ದಿನದಲ್ಲೇ ಬಹಳ ಜಾಸ್ತಿ. ಆವತ್ತೇ ಆಸ್ಪತ್ರೆಗೆ ಹೋಗಬೇಕಿತ್ತು ಅಂತ ಡಾಕ್ಟರು ಅವರ ಮಗನಿಗೆ ಹೇಳುವುದು ನಮಗೂ ಕೇಳುತ್ತಿತ್ತು. ಇನ್ನೊಬ್ಬರಿಗೆ ಬಾಯಿ, ಕೈ ಎಲ್ಲ ಚೆನ್ನಾಗೇ ಇದ್ದವು. ಇದ್ದಕ್ಕಿದ್ದಂತೆ ಎರಡೆರಡು ಕಾಣಿಸಲು ಶುರುವಾಗಿ, ನಿಲ್ಲಲಾಗದೆ ಒಂದು ಕಡೆ ವಾಲುತ್ತಿದ್ದರು. ಮನೆಯಲ್ಲಿ ಗ್ಯಾಸ್ಟ್ರಿಕ್ ಅಂದುಕೊಂಡಿದ್ದರು. "ಇದ್ದಕ್ಕಿದ್ದಂತೆ" ಅನ್ನುವುದೇ ಇದರಲ್ಲಿ ನೋಡಬೇಕಾದ ಗುರುತು ಅಂತ ನನಗೆ ಅನ್ನಿಸಿದೆ.

ನನ್ನ ಹೆಪ್ಪು ಬಂದದ್ದು ಹೃದಯದಿಂದ. ಇಸಿಜಿಯಲ್ಲಿ ಬಡಿತದ ತಾಳ ತಪ್ಪಿರುವುದು ಸಿಕ್ಕಿತು. ಹೃದಯದ ಮೇಲಿನ ಕೋಣೆ ಸರಿಯಾಗಿ ಹಿಂಡದೆ ಸುಮ್ಮನೆ ನಡುಗುತ್ತಿರುತ್ತದೆ, ಅಲ್ಲಿ ರಕ್ತ ನಿಂತು ಹೆಪ್ಪಾಗುತ್ತದೆ, ಅದರ ಚೂರು ಮೆದುಳಿಗೆ ಹೋಗುತ್ತದೆ. ಎದೆಯಲ್ಲಿ ಆಗಾಗ ಢವಢವ ಅನ್ನುತ್ತಿದ್ದದ್ದು ಇದೇ. ಈಗ ರಕ್ತ ಹೆಪ್ಪುಗಟ್ಟದ ಹಾಗೆ ತಡೆಯುವ ಅಪಿಕ್ಸಬಾನ್ ಮಾತ್ರೆ, ದಿನಕ್ಕೆ ಎರಡು ಹೊತ್ತು. ಅದನ್ನು ತಕ್ಷಣ ಶುರು ಮಾಡಲಿಲ್ಲ. 24 ಗಂಟೆ ಬಿಟ್ಟು ಮತ್ತೆ ಸ್ಕ್ಯಾನ್ ಮಾಡಿ, ರಕ್ತಸ್ರಾವ ಇಲ್ಲ ಅಂತ ನೋಡಿ, ಕೆಲವು ದಿನ ಕಳೆದ ಮೇಲೆ ಕೊಟ್ಟರು.

ಮನೆಗೆ ಬಂದ ಮೇಲೆ ಓದಲು ಸಮಯ ಬಹಳ ಸಿಕ್ಕಿತು. ಈ ಇಂಜೆಕ್ಷನ್ ಕೆಲಸ ಮಾಡುತ್ತದೆ ಅಂತ ಅಮೆರಿಕದ ದೊಡ್ಡ ಪ್ರಯೋಗವೊಂದು ತೋರಿಸಿದ್ದು 1995ರಲ್ಲಿ, ಆಗ ಮೂರು ಗಂಟೆಯ ಗಡುವು. 2008ರಲ್ಲಿ ಯುರೋಪಿನ ಪ್ರಯೋಗದ ನಂತರ ಅದು ನಾಲ್ಕೂವರೆ ಗಂಟೆಯಾಯಿತು. ಹೆಪ್ಪು ಎಳೆದು ತೆಗೆಯುವುದಕ್ಕೆ ಸಾಮಾನ್ಯವಾಗಿ ಆರು ಗಂಟೆ, ಸ್ಕ್ಯಾನ್ ನೋಡಿ ಆಯ್ದ ಕೆಲವರಿಗೆ 24 ಗಂಟೆವರೆಗೂ ಮಾಡುತ್ತಾರೆ. ಹಾಗಾಗಿ ಹೊತ್ತು ಮೀರಿತು ಅಂತ ಮನೆಯಲ್ಲೇ ಕೂರುವ ಹಾಗಿಲ್ಲ. ಆದರೆ ನಾಲ್ಕೂವರೆ ಗಂಟೆ ಇದೆಯಲ್ಲ ಅಂತ ಸ್ನಾನ ಪೂಜೆ ಮುಗಿಸಿ ಹೊರಡುವ ಹಾಗೂ ಇಲ್ಲ. ದೊಡ್ಡ ನಾಳ ಕಟ್ಟಿದಾಗ ನಿಮಿಷಕ್ಕೆ ಸುಮಾರು 19 ಲಕ್ಷ ನರಕೋಶ ಸಾಯುತ್ತವೆ ಅಂತ ಒಂದು ಅಂದಾಜಿದೆ. ಮೇಷ್ಟ್ರ ಚಾಳಿ, ಗುಣಿಸಿ ನೋಡಿದೆ. ಅರಸೀಕೆರೆಯಿಂದ ಹಾಸನಕ್ಕೆ ಹೋಗುವ ಒಂದು ಗಂಟೆಗೆ 11 ಕೋಟಿ 40 ಲಕ್ಷ. ನನ್ನದು ಕವಲು ನಾಳ, ಇಷ್ಟು ಹೋಗಿರಲಿಕ್ಕಿಲ್ಲ. ಆದರೂ ಆ ಸಂಖ್ಯೆ ಬರೆದಿಟ್ಟುಕೊಂಡು ಸ್ವಲ್ಪ ಹೊತ್ತು ನೋಡುತ್ತಾ ಕೂತಿದ್ದೆ.

ಪಾಠ ಮಾಡುತ್ತಿದ್ದೇನೆ. ಬಲಗೈ ಬರಹ ಮೊದಲಿನ ಹಾಗೇ ಇದೆ. ಪಂಚೆ ಕಟ್ಟಲು ಎಡಗೈ ಇನ್ನೂ ಸತಾಯಿಸುತ್ತದೆ, ಅಂಗಿಯ ಗುಂಡಿಗೂ ಹೊತ್ತು ಹಿಡಿಯುತ್ತದೆ. ಕ್ಲಾಸಿನಲ್ಲಿ ಎಡಗಡೆ ಬೆಂಚಿನ ಹುಡುಗರು ನನ್ನ ಕಣ್ಣಿಗೆ ಬೇಗ ಬೀಳುವುದಿಲ್ಲ ಅಂತ ಅವರಿಗೆ ಗೊತ್ತಾಗಿಬಿಟ್ಟಿದೆ, ಕಿಲಾಡಿಗಳು ಎಲ್ಲ ಅಲ್ಲೇ ಹೋಗಿ ಕೂರುತ್ತಾರೆ. ಸ್ಕೂಟರ್ ಸದ್ಯಕ್ಕೆ ಬೇಡ ಅಂದಿದ್ದಾರೆ.

ರಾಜಣ್ಣ ಇವತ್ತಿಗೂ ಪೂರ್ತಿ ಒಪ್ಪಿಲ್ಲ. ಮೊನ್ನೆ ಕಾಂಪೌಂಡಿನ ಹತ್ತಿರ ಮತ್ತೆ ತೆಗೆದ. "ಅಲ್ಲಾ ಮೇಷ್ಟ್ರೇ, ನಿಮಗಾಗಿದ್ದು ಹೆಪ್ಪೇ ತಾನೇ? ನಮ್ಮ ಮಾತ್ರೆ ತಗೊಂಡಿದ್ರೆ ಏನಾಗ್ತಿತ್ತು?"

"ಹೆಪ್ಪು ಅಂತ ಗೊತ್ತಾಗಿದ್ದು ಸ್ಕ್ಯಾನ್ ಆದ್ಮೇಲೆ ರಾಜಣ್ಣ. ನೀನು ಮಾತ್ರೆ ತಂದಾಗ ಯಾರಿಗೆ ಗೊತ್ತಿತ್ತು?"

ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ ಮೊಬೈಲ್ ತೆಗೆದು, "ಆ ಎರಡನೇ ಆಸ್ಪತ್ರೆ ನಂಬರ್ ಹೇಳಿ, ರಾತ್ರಿ ಹೊತ್ತೂ ಎತ್ತುತಾರಾ?" ಅಂದ. ಎತ್ತುತ್ತಾರೆ, ನಾವು ಒಂದು ರಾತ್ರಿ ಮಾಡಿ ನೋಡಿದ್ದೇವೆ. ನಂಬರ್ ಕೊಟ್ಟೆ. ಹೆಸರು ಏನಂತ ಹಾಕಿಕೊಂಡ ಅಂತ ಬಗ್ಗಿ ನೋಡಿದೆ. "ಶೋಭಮ್ಮನ ಆಸ್ಪತ್ರೆ" ಅಂತ ಇತ್ತು.